ಸ್ವರ ಕೊಡಿ, ಅಕ್ಕಾ

ಗಾಜಿನ ಮೇಲೆ ಯಾರದೋ ಐದು ಬೆರಳಿನ ಗುರುತು, ಮಗುವಿನದೇ ಇರಬೇಕು, ಹೆಬ್ಬೆರಳು ಉಳಿದ ನಾಲ್ಕರ ಮೇಲೆ ಮುನಿಸಿಕೊಂಡಂತೆ ದೂರ ನಿಂತಿದೆ, ಅದರ ಅಡಿಯಲ್ಲಿ, ಗಾಜಿನೊಳಗೆ, ಗಿಟಾರು ಮೀಟುವ ಬಿಲ್ಲೆಗಳು — ಹಳದಿ, ಕಪ್ಪು, ಆಮೆಚಿಪ್ಪಿನ ಬಣ್ಣ — ಒಂದೊಂದೂ ಉಗುರಿಗಿಂತ ತುಸು ದೊಡ್ಡದು, ಇಂಥದನ್ನು ಬಣ್ಣದ ಕಾಗದದಲ್ಲಿ ಸುತ್ತಿಸಿ ಕೊಟ್ಟರೆ ಉಡುಗೊರೆ ಅನ್ನುತ್ತಾರೋ ಅಣಕ ಅನ್ನುತ್ತಾರೋ, ಚಿಕ್ಕದೇ ಇರಲಿ ಅಂದಿದ್ದಾರೆ ಮೇಷ್ಟ್ರು, ತಂಡ ಕಟ್ಟಿದವರು, ಹಾಡುವವರು, ಇಪ್ಪತ್ತೈದು ವರ್ಷದಿಂದ ಎಲ್ಲರಿಗೂ ಮೇಷ್ಟ್ರು, ಏನಾದ್ರೂ ಚಿಕ್ಕದು ತಗೊಂಡ್ಬನ್ನಿ ಅಕ್ಕ, ದೊಡ್ಡದು ಕೊಟ್ರೆ ಅವನು ಮುದುಡ್ಕೊಂಡ್ಬಿಡ್ತಾನೆ, ನಿಮಗಿಂತ ಚೆನ್ನಾಗಿ ಅವನನ್ನ ಬಲ್ಲೋರು ಯಾರಿದ್ದಾರೆ ಹೇಳಿ. ಬಲ್ಲೋರು. ಆ ಮಾತು ಫೋನಿನಲ್ಲಿ ಕೇಳಿದಾಗ ಬಿಸಿಯಾದ ಕಿವಿ ಈಗ ಅಂಗಡಿಯ ಫ್ಯಾನಿನ ಕೆಳಗೂ ಬಿಸಿಯಾಗೇ ಇದೆ. ಗೋಡೆಯ ಗಡಿಯಾರದಲ್ಲಿ ಮೂರೂ ಮುಕ್ಕಾಲು. ನಾಲ್ಕರ ಬಸ್ಸಿಗೆ ಅವನು ಇಳಿಯುತ್ತಾನೆ, ಒಂಬತ್ತು ವರ್ಷದ ಮೇಲೆ, ಐದಕ್ಕೆ ಅಭ್ಯಾಸ, ಎರಡು ಬೀದಿ ಆಚೆ, ಮುದ್ರಣಾಲಯದ ಮೇಲಿನ ಉದ್ದ ಕೋಣೆಯಲ್ಲಿ, ಬರುವ ಭಾನುವಾರ ತಂಡಕ್ಕೆ ಇಪ್ಪತ್ತೈದು ತುಂಬುವ ಕಾರ್ಯಕ್ರಮ, ಈಚೆಗಿದ್ದ ಗಿಟಾರಿನವನು ಕೈಕೊಟ್ಟ, ಮೇಷ್ಟ್ರು ಹಳಬನಿಗೆ ಫೋನು ಹಚ್ಚಿದರು, ಅವನು, ಕೀಬೋರ್ಡಿಗೆ ಅಕ್ಕನೇ ಇದ್ದಾರಲ್ವಾ, ಸ್ವರ ಅವರೇ ಕೊಡೋದಾದ್ರೆ ಬರ್ತೀನಿ ಅಂದನಂತೆ. ಮೇಷ್ಟ್ರು ಅದನ್ನು ನಗುನಗುತ್ತಾ ಹೇಳಿದರು. ಅವಳು ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಡಬೇಕಾಯಿತು. ಯಾರಿಗೆ ಮೇಡಂ, ಮಗನಿಗಾ, ಅಂಗಡಿಯವನು ಕೇಳುತ್ತಿದ್ದಾನೆ, ಗುಂಡುಮುಖದವನು, ಕಿವಿಯ ಮೇಲೆ ಪೆನ್ಸಿಲು. ಅಲ್ಲ, ತಮ್ಮನ ಹಾಗೆ, ಅಂದಳು, ಅಂದ ಮೇಲೆ ಸೆರಗಿನಿಂದ ತುಟಿ ಒರೆಸಿಕೊಂಡಳು, ಏನೋ ಮೆತ್ತಿಕೊಂಡಿದೆ ಅನ್ನುವ ಹಾಗೆ.

ತಮ್ಮ ಅಂದ್ರೆ ಹೊಸಬರಾ ಹಳಬರಾ ಮೇಡಂ, ಹಳಬರಾದ್ರೆ ಈ ಬಿಲ್ಲೆ ಬೇಡ — ಬೇಡವೇ ಬೇಡ, ಅವನು ಬಿಲ್ಲೆ ಹಿಡಿಯುವವನಲ್ಲ, ಬಲಗೈಯ ನಾಲ್ಕು ಉಗುರು ಬೆಳೆಸಿ ಎಡಗೈಯವನ್ನು ಬುಡಕ್ಕೆ ಕತ್ತರಿಸುತ್ತಿದ್ದ, ಏನೋ ನಿಂದು ಒಂದು ಕೈ ರಾಣಿ ಒಂದು ಕೈ ಕೂಲಿ ಅಂತ ಡ್ರಮ್ಮಿನವನು ಕಿಚಾಯಿಸುತ್ತಿದ್ದ, ಅವನು ಆ ಕೂಲಿ ಕೈಯನ್ನೇ ಎತ್ತಿ ಸಲಾಮು ಹೊಡೆಯುತ್ತಿದ್ದ, ನಗುತ್ತಿದ್ದ ಆಗ, ಯಾರೇನು ಅಂದರೂ ನಗುತ್ತಿದ್ದ. ಉಗುರು ಈಗ ಇದೆಯೋ ಇಲ್ಲವೋ. ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವ ಕೆಲಸ, ಗಿರಾಕಿಗಳ ಕಣ್ಣು ಪರೀಕ್ಷೆಯನ್ನೂ ಮಾಡುತ್ತಾನಂತೆ, ಗಾಜು ಅರೆಯುವವನ ಉಗುರು ಉಳಿಯುತ್ತದೆಯೇ. ತಂತಿ ಕೊಡಲಾ, ಯಾವ ನಂಬರು ಮೇಡಂ, ಗೊತ್ತಿಲ್ಲ, ಹತ್ತಾ ಹನ್ನೊಂದಾ, ಗೊತ್ತಿಲ್ಲ. ನಿಮಗಿಂತ ಚೆನ್ನಾಗಿ ಬಲ್ಲೋರು ಯಾರಿದ್ದಾರೆ. ಹೆಗಲ ಪಟ್ಟಿ — ಅವನು ಕೂತು ನುಡಿಸುವವನು. ಕಾಲಿಡುವ ಮಣೆ — ದೊಡ್ಡದಾಯಿತು. ಒಂದು ಕೆಲಸ ಮಾಡಿ, ಇದು ತಗೊಳ್ಳಿ, ಎಲ್ಲರೂ ಇದನ್ನೇ ತಗೊಳ್ಳೋದು, ಅನ್ನುತ್ತಾ ಅಂಗಡಿಯವನು ಗೋಡೆಯಿಂದ ಒಂದು ಕಂದು ಗಿಟಾರನ್ನು ಇಳಿಸಿ, ಬೆಂಕಿಪೆಟ್ಟಿಗೆಗಿಂತ ಚಿಕ್ಕದೊಂದು ಯಂತ್ರವನ್ನು ಅದರ ತಲೆಗೆ ಬಟ್ಟೆಯ ಕ್ಲಿಪ್ಪಿನ ಹಾಗೆ ಸಿಕ್ಕಿಸಿ, ಒಂದು ತಂತಿ ಮೀಟಿದ, ಯಂತ್ರದ ಪುಟ್ಟ ಪರದೆಯಲ್ಲಿ ಕೆಂಪು ಹತ್ತಿತು, ಬಿರಡೆ ತಿರುಗಿಸಿದ, ಕೆಂಪು, ಇನ್ನೂ ಸ್ವಲ್ಪ, ಹಸಿರು, ನೋಡಿದ್ರಾ, ತಂತಿ ಸರಿ ಇದ್ರೆ ಹಸಿರು, ತಪ್ಪಿದ್ರೆ ಕೆಂಪು, ಯಾರನ್ನೂ ಕೇಳೋ ಹಂಗೇ ಇಲ್ಲ, ಕಿವಿ ಇಲ್ಲದವನೂ ಶ್ರುತಿ ಮಾಡ್ಕೋಬಹುದು. ಅವನು ಬಿಡದೆ ಆರೂ ತಂತಿಯನ್ನು ಒಂದೊಂದಾಗಿ ಹಸಿರಿಗೆ ತಂದ, ತನಗೇ ಖುಷಿಯಾಗಿ ತಂದ, ಅವಳು ನೋಡುತ್ತಾ ನಿಂತಳು, ಆದರೆ ಹಸಿರಲ್ಲ ಅವಳಿಗೆ ಕಂಡದ್ದು, ಪ್ರತಿ ಸಲ ಮೊದಲು ಹತ್ತುವ ಆ ಕೆಂಪು. ಗುಂಡುಸೂಜಿಯ ತಲೆಯಷ್ಟು. ಬೇಡ, ಇದು ಬೇಡ. ಯಾಕೆ ಮೇಡಂ, ಗ್ಯಾರಂಟಿ ಇದೆ. ಗ್ಯಾರಂಟಿ ಇದ್ದೇ ಇರುತ್ತದೆ, ಬೇಡ ಅನ್ನುವುದು ಅದಕ್ಕೇ, ಅವನ ಕೈಗೆ ಇದನ್ನು ಕೊಡುವುದು ಅಂದರೆ ಕುಂಟನಲ್ಲದವನಿಗೆ ಊರುಗೋಲು ಕೊಟ್ಟಂತೆ, ಅವನನ್ನು ಕುಂಟ ಅಂತ ನಂಬಿಸಿದವಳೇ ಕೊಟ್ಟಂತೆ. ಇನ್ನೊಂದು, ಕ್ಯಾಪೊ ಇದೆ ನೋಡಿ, ತಂತಿಗಳ ಮೇಲೆ ಕಚ್ಚಿಸೋದು, ಒಳ್ಳೇ ಉಕ್ಕಿಂದು. ಅವಳ ಕೈ ತಾನಾಗೇ ಹೆಗಲ ಚೀಲದ ಬಾಯಿಯನ್ನು ಮುಚ್ಚಿತು. ಒಳಗೆ ಕರವಸ್ತ್ರದಲ್ಲಿ ಸುತ್ತಿದ್ದು ಒಂದಿದೆ. ಕ್ಯಾಪೊ ಅವನಿಗೆ ಇದೆ, ಅಂದಳು. ಸುಳ್ಳಲ್ಲ. ಅವನಿಗೆ ಗೊತ್ತಿಲ್ಲ ಅಷ್ಟೆ.

ಒಂಬತ್ತು ವರ್ಷದ ಹಿಂದೆ, ಆವತ್ತೂ ಭಾನುವಾರ, ಬೆಳಗಿನ ಹನ್ನೊಂದೂವರೆ, ಬ್ಯಾಂಕಿನ ನೌಕರರ ಸಂಘದ ವಾರ್ಷಿಕೋತ್ಸವ, ನೀಲಿ ಪರದೆಯ ಸಭಾಂಗಣ, ಏಳನೇ ಹಾಡು ಮ್ಯಾನೇಜರರ ಹೆಂಡತಿಯದು, ಪಟ್ಟಿಯಲ್ಲಿ ಇರಲಿಲ್ಲ, ಸಂಘದವರು ಕೈಮುಗಿದು ಸೇರಿಸಿದರು, ಆಕೆ ಕಣ್ಣು ಮಿಟುಕಿಸಿ, ನಂಗೆ ಅರ್ಧಸ್ವರ ಮೇಲೆ ಬೇಕಮ್ಮಾ, ಅಲ್ಲೇ ನನ್ನ ಗಂಟಲು ಚೆನ್ನಾಗಿ ಕೂರೋದು. ಅದೇನು ಕಷ್ಟದ ಕೆಲಸವಲ್ಲ, ಅವಳ ಕೀಬೋರ್ಡಿನ ಮೇಲ್ಭಾಗದಲ್ಲಿ ಒಂದು ಗುಂಡಿ, ಒತ್ತಿದರೆ ಇಡೀ ವಾದ್ಯ ಅರ್ಧಸ್ವರ ಮೇಲೇರಿ ಕೂರುತ್ತದೆ, ಬೆರಳು ಹಳೆಯ ಜಾಗದಲ್ಲೇ ಓಡಾಡಿದರೂ ಬರುವ ದನಿ ಮೇಲಿನದು, ಗುಂಡಿಯ ಪಕ್ಕದಲ್ಲಿ ಒಂದು ಕೆಂಪು ದೀಪ ಹತ್ತಿಕೊಳ್ಳುತ್ತದೆ, ಮರೆಯಬಾರದು ಅಂತಲೇ ಇಟ್ಟ ದೀಪ. ಅವನದು ಗಿಟಾರು, ಅದಕ್ಕೆ ಗುಂಡಿಯಿಲ್ಲ, ಅವನು ಕ್ಯಾಪೊ ಹಾಕಿದ, ಗಿಟಾರಿನ ಕತ್ತನ್ನು ಕಚ್ಚಿ ಹಿಡಿಯುವ ಆ ಚಿಕ್ಕ ಹಿಡಿಕೆ, ಮೊದಲ ಮನೆಗೆ ಕಚ್ಚಿಸಿದರೆ ಆರೂ ತಂತಿ ಒಟ್ಟಿಗೆ ಅರ್ಧಸ್ವರ ಮೇಲೆ, ಇಬ್ಬರೂ ಮೇಲೆ ಹೋದರು, ಆಕೆ ಹಾಡಿದರು, ಚಪ್ಪಾಳೆ. ಹಾಡು ಮುಗಿದ ಕೂಡಲೇ ಅವನು ಕ್ಯಾಪೊ ತೆಗೆದ. ಅವನಿಗೆ ನೆನಪಿತ್ತು. ತೆಗೆದು, ಅಂಗಿಗೆ ಜೇಬಿರಲಿಲ್ಲ, ಅವಳ ಕೀಬೋರ್ಡಿನ ಮೇಲಿಟ್ಟ, ಇಲ್ಲಿರ್ಲಿ ಅಕ್ಕ. ಎಷ್ಟೋ ವರ್ಷ ಅವಳು ತನಗೆ ತಾನೇ ಹೇಳಿಕೊಂಡದ್ದು, ಆ ಕ್ಯಾಪೊ ದೀಪವನ್ನು ಮುಚ್ಚಿತ್ತು, ಅದಕ್ಕೇ ಕಾಣಲಿಲ್ಲ ಅಂತ. ಮುಚ್ಚಿರಲಿಲ್ಲ. ದೀಪದಿಂದ ಎರಡು ಅಂಗುಲ ಬಲಕ್ಕೆ ಇತ್ತು, ಮನೆಯಲ್ಲಿ ಅಳತೆಪಟ್ಟಿ ಹಿಡಿದು ನೋಡಿದ್ದಾಳೆ. ಅವಳು ಗುಂಡಿ ಆರಿಸಲು ಮರೆತಳು, ಅಷ್ಟೆ. ಎಂಟನೇ ಹಾಡು ಅವನದೇ ರಾಗ, ಎರಡು ವರ್ಷ ಕೂತು ಕಟ್ಟಿದ್ದು, ಮಾತು ಮೇಷ್ಟ್ರದು, ಮೊದಲ ಸಲ ಜನರ ಮುಂದೆ, ಅವನ ತಾಯಿ ಮೂರನೇ ಸಾಲಿನಲ್ಲಿ, ಮಗನ ಕಾರ್ಯಕ್ರಮಕ್ಕೆ ಮೊದಲ ಸಲ ಬಂದವರು, ಗಿಟಾರು ಒಂಟಿಯಾಗಿ ಶುರುವಾಗಿ ಎಂಟು ಆವರ್ತ ನಡೆದು ಆಮೇಲೆ ಕೀಬೋರ್ಡು ಸೇರಬೇಕು. ಎಂಟು ಆವರ್ತ ಎಷ್ಟು ಚೆನ್ನಾಗಿತ್ತು. ಅವಳು ಸೇರಿದಳು. ಮುಳ್ಳುಚಮಚದಿಂದ ತಟ್ಟೆ ಗೀರಿದ ಹಾಗೆ, ಸಭಾಂಗಣದ ಮುಖವೆಲ್ಲ ಒಂದೇ ಸಲ ಹಿಂಡಿಕೊಂಡಿತು, ಮೇಷ್ಟ್ರ ದನಿ ಕೀಬೋರ್ಡಿನ ಹಿಂದೆ ಹೋಯಿತು, ಅವರ ಕಾಲಬುಡದ ಸ್ಪೀಕರ್ ಪೆಟ್ಟಿಗೆಯಲ್ಲಿ ಬರುತ್ತಿದ್ದದ್ದು ಅದೇ, ಡ್ರಮ್ಮಿಗೆ ಶ್ರುತಿಯ ಹಂಗಿಲ್ಲ, ಅಲ್ಲಿಗೆ ಎಲ್ಲರೂ ಒಂದು ಕಡೆ ಗಿಟಾರು ಒಂದು ಕಡೆ, ಅವನು ಬೆವರುತ್ತಾ ನುಡಿಸುತ್ತಲೇ ಬಿರಡೆ ತಿರುಗಿಸತೊಡಗಿದ, ಒಂದು ತಂತಿ ಏರಿದರೆ ಐದು ಉಳಿಯಿತು, ಮೇಷ್ಟ್ರು ಕೈಯೆತ್ತಿ ನಿಲ್ಲಿಸಿ ಮೈಕಿನಲ್ಲಿ, ಕ್ಷಮಿಸಬೇಕು, ನಮ್ಮ ಗಿಟಾರಿಗೆ ಇವತ್ತು ಸ್ವಲ್ಪ ನೆಗಡಿ. ಜನ ನಕ್ಕರು. ಅವನ ತಾಯಿಗೆ ಏನೂ ಗೊತ್ತಾಗದೆ, ಎಲ್ಲರೂ ನಗುತ್ತಿದ್ದಾರಲ್ಲ ಅಂತ ಅವರೂ ನಕ್ಕರು. ಆ ನಗುವಿನ ನಡುವೆ ಅವಳು ಕಣ್ಣು ತಗ್ಗಿಸಿದಳು, ಅಲ್ಲಿತ್ತು, ಕೆಂಪಗೆ, ಗುಂಡುಸೂಜಿಯ ತಲೆಯಷ್ಟು, ನಿಧಾನವಾಗಿ, ಯಾರಿಗೂ ಅವಸರವಿಲ್ಲದ ಹಾಗೆ ಉರಿಯುತ್ತಿತ್ತು. ಹೆಬ್ಬೆರಳು ಚಾಚಿ ಒತ್ತಿದಳು. ಆರಿತು. ಅಕ್ಕಾ, ಸ್ವರ ಕೊಡಿ, ಅಂದ, ಕೊಟ್ಟಳು, ಈ ಸಲ ಸರಿಯಾದದ್ದು, ಅವನು ತಂತಿಗಳನ್ನು ಇಳಿಸಿ ಕೂಡಿಸಿದ, ಎರಡನೇ ಸಲ ಹಾಡು ಹೂವಿನ ಹಾಗೆ ಬಂತು. ಅಲ್ಲಿಗೆ ತಪ್ಪು ಗಿಟಾರಿನದೇ ಎಂದು ಎಲ್ಲರಿಗೂ ರುಜುವಾತಾಯಿತು.

ಮರೆತದ್ದು ತಪ್ಪಲ್ಲ, ಯಾರಾದರೂ ಮರೆಯುತ್ತಾರೆ, ಆಗಲೇ ಮೈಕು ತೆಗೆದುಕೊಂಡು ಅಯ್ಯೋ ನಂದೇ ರೀ, ಗುಂಡಿ ಆರಿಸೋದು ಮರೆತೆ ಅಂದಿದ್ದರೆ ಜನ ಇನ್ನೂ ಜೋರಾಗಿ ನಕ್ಕು ಊಟಕ್ಕೆ ಏಳುತ್ತಿದ್ದರು, ಮುಗಿಯುತ್ತಿತ್ತು. ಅವಳನ್ನು ಸುಡುವುದು ಆ ಹೊತ್ತಲ್ಲ, ಆಮೇಲಿನದು, ಸಭಾಂಗಣದ ಹಿಂದಿನ ಮೆಟ್ಟಿಲು, ಪೆಟ್ಟಿಗೆಗಳನ್ನು ವ್ಯಾನಿಗೆ ಏರಿಸುತ್ತಿದ್ದರು, ಅವನು ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ನಿಂತು ಮುಖವೆತ್ತಿ, ಅಕ್ಕಾ ಒಂದು ಕೇಳ್ಲಾ, ನಾನು ಗಾಬರೀಲಿ ತಂತಿ ಬಿಗಿ ಮಾಡ್ದೆ, ಆಮೇಲೆ ನೀವು ಸ್ವರ ಕೊಟ್ರಿ, ನಾನು ಸಡಿಲ ಮಾಡ್ದೆ, ಮಾಡಿದ್ರೆ ಅದು ಮೊದಲು ಎಲ್ಲಿತ್ತೋ ಅಲ್ಲಿಗೇ ಬಂದು ಕೂತ ಹಾಗಿತ್ತು, ಹಾಗಾದ್ರೆ ಮೊದಲೇ ಸರಿ ಇತ್ತಲ್ವಾ. ಎಂಥ ಕಿವಿ. ಇನ್ನೂರು ಜನ ನಗುತ್ತಿದ್ದ ಹೊತ್ತಿನಲ್ಲಿ, ಮೈಯೆಲ್ಲ ಬೆವರುತ್ತಿದ್ದಾಗ, ಆ ಕಿವಿ ಒಳಗೆ ಕೂತು ಎಲ್ಲವನ್ನೂ ಸರಿಯಾಗಿ ಬರೆದಿಟ್ಟುಕೊಂಡಿತ್ತು, ಒಂದೇ ಒಂದು ಸಾಕ್ಷಿ ಬೇಕಿತ್ತು ಅದಕ್ಕೆ. ಗಡಿಬಿಡೀಲಿ ಹಾಗನ್ಸುತ್ತಪ್ಪ, ಸ್ವಲ್ಪ ಇಳಿದಿತ್ತು ನಿಂದು. ಇಳಿದಿತ್ತಾ ಅಕ್ಕ. ಹೂಂ, ಇಳಿದಿತ್ತು. ಅವನು ಒಂದು ಕ್ಷಣ ನೋಡಿದ, ಅನುಮಾನದಿಂದಲ್ಲ, ಪರೀಕ್ಷೆಯ ಫಲಿತಾಂಶ ಓದಿಕೊಳ್ಳುವವನ ಹಾಗೆ, ಸರಿ ಅಕ್ಕ, ನೀವು ಹೇಳಿದ ಮೇಲೆ ಮುಗೀತು. ನೀವು ಹೇಳಿದ ಮೇಲೆ. ಮತ್ತೆ ಕೇಳಿದ್ದ, ನನ್ನ ಕ್ಯಾಪೊ ನೋಡಿದ್ರಾ, ನೀಲಿ ಪಟ್ಟಿ ಸುತ್ತಿದ್ದು, ಇಲ್ಲಪ್ಪ, ಅಂದಳು, ಅದು ಆಗಲೇ ಅವಳ ಚೀಲದಲ್ಲಿತ್ತು, ಅದನ್ನು ಕಂಡರೆ ಅವನಿಗೆ ಏಳನೇ ಹಾಡು ನೆನಪಾಗಿ, ತಾನು ತೆಗೆದದ್ದು ನೆನಪಾಗಿ, ಹಾಗಾದರೆ ಅಕ್ಕ, ನಿಮ್ಮ ಗುಂಡಿ, ಅಂತ ತಿರುಗಿಬಿಟ್ಟರೆ. ಮುಂದಿನ ವಾರ ಅಭ್ಯಾಸದ ಕೋಣೆಯಲ್ಲಿ ಅವನು ಎಲ್ಲರ ಮುಂದೆ ಬಾಯಿ ತೆರೆದ, ಮೇಷ್ಟ್ರೇ ಆವತ್ತಿಂದು ನಂಗಿನ್ನೂ ಒಂದು ಅರ್ಥ ಆಗ್ಲಿಲ್ಲ — ಅವಳು ತಡೆದಳು, ಹೇಗೆ ತಡೆದಳು, ಬಂದ್ರು ನೋಡಿ ನಮ್ಮ ಅರ್ಧಸ್ವರ, ಅಂದಳು. ಅಷ್ಟೆ. ಡ್ರಮ್ಮಿನವನು ಬಿದ್ದೂ ಬಿದ್ದೂ ನಕ್ಕ, ಮೇಷ್ಟ್ರು ಕಣ್ಣೊರೆಸಿಕೊಂಡರು, ಪ್ರಶ್ನೆ ಅಲ್ಲೇ ಸತ್ತಿತು, ಹೆಸರು ಹುಟ್ಟಿತು, ಅರ್ಧಸ್ವರ ಬಂದ್ನಾ, ಅರ್ಧಸ್ವರಕ್ಕೆ ಕಾಫಿ ಹೇಳಿ, ಪೂರ್ತಿ ಬೇಡ ಅರ್ಧ ಲೋಟ ಸಾಕು. ಅವನೂ ನಕ್ಕ, ಎರಡು ವಾರ. ಆಮೇಲೆ ಪ್ರತಿ ಹಾಡಿಗೂ ಮೊದಲು ಶ್ರುತಿ ನೋಡಿಕೊಳ್ಳತೊಡಗಿದ, ಅಕ್ಕಾ ಸ್ವರ ಕೊಡಿ, ಸರಿ ಇದೆಯಾ, ಇನ್ನೊಂದ್ಸಲ ಕೊಡಿ, ಜನ ಕುರ್ಚಿಯಲ್ಲಿ ಮಿಸುಕಾಡುತ್ತಿದ್ದರು, ಮೇಷ್ಟ್ರು ಹಲ್ಲು ಕಚ್ಚುತ್ತಿದ್ದರು, ನುಡಿಸುತ್ತಾ ನುಡಿಸುತ್ತಾ ಅವನ ಕಣ್ಣು ತಂತಿಯ ಮೇಲಿಲ್ಲದೆ ಅವಳ ಮುಖದ ಮೇಲೆ, ಸರಿಯೇ ಸರಿಯೇ ಎಂದು, ಅವಳು ಹೂಂ ಹೂಂ ಎಂದು ತಲೆಯಾಡಿಸುತ್ತಾ. ನಾಲ್ಕನೇ ತಿಂಗಳು ಬರುವುದನ್ನು ನಿಲ್ಲಿಸಿದ. ಆ ರಾಗವನ್ನು ಮತ್ತೆಂದೂ ಯಾರೂ ನುಡಿಸಲಿಲ್ಲ. ವರ್ಷ ಕಳೆದ ಮೇಲೆ ಒಂದು ಸಲ ಫೋನು ಮಾಡಿದ್ದ, ಕನ್ನಡಕದ ಅಂಗಡಿಯ ಕೆಲಸ ಒಳ್ಳೇದು ಅಕ್ಕ, ಈ ಗಾಜು ಸ್ಪಷ್ಟವೋ ಆ ಗಾಜು ಸ್ಪಷ್ಟವೋ ಅಂತ ಕೇಳಿದ್ರೆ ಸಾಕು, ಸರಿ ತಪ್ಪು ಗಿರಾಕಿಯೇ ಹೇಳಿಬಿಡ್ತಾನೆ.

ಚೀಲದಲ್ಲಿ ಫೋನು ಬಡಿದುಕೊಳ್ಳುತ್ತಿದೆ, ಮೇಷ್ಟ್ರು, ಏನಕ್ಕ ಸಿಕ್ತಾ, ಒಂದು ಐಡಿಯಾ ಬಂತು ಕೇಳಿ, ಆ ಕ್ಲಿಪ್ಪು ಹಾಕೋ ಟ್ಯೂನರ್ ಬರುತ್ತಲ್ಲ, ಅದನ್ನೇ ತಗೊಳ್ಳಿ, ಮೇಲೊಂದು ಚೀಟಿ ಅಂಟಿಸೋಣ, ನಮ್ಮ ಅರ್ಧಸ್ವರಕ್ಕೆ ಪೂರ್ಣಸ್ವರದ ಶುಭಾಶಯ ಅಂತ, ಹೆಂಗಿದೆ. ಹಿಂದಿನಿಂದ ಡ್ರಮ್ಮಿನವನ ನಗು. ಒಳ್ಳೆಯವರು, ಒಂದು ಚೂರೂ ವಿಷವಿಲ್ಲ, ವಿಷ ಹಾಕಿದವಳು ಬೇರೆ. ಮೇಷ್ಟ್ರೇ, ಅಂದಳು. ಹೇಳಿ ಅಕ್ಕ. ಮೇಷ್ಟ್ರೇ ಆವತ್ತು — ಫ್ಯಾನು ತಿರುಗಿತು, ಗೋಡೆಯ ಗಿಟಾರುಗಳೆಲ್ಲ ಕತ್ತು ನೇತುಹಾಕಿಕೊಂಡು ಕೇಳಿಸಿಕೊಳ್ಳುತ್ತಿದ್ದವು — ಆವತ್ತು ಬೇಡ ಇವತ್ತಿಂದು ಹೇಳಿ, ಅಂದರು ಮೇಷ್ಟ್ರು, ಬೇಗ ಆರಿಸಿ, ಬಸ್ಸು ಮುಂಚೇನೇ ಬಂದಿದೆ, ಅವನಿಗೆ ತಂತಿ ಬೇಕಂತೆ, ಅಕ್ಕ ಅಲ್ಲೇ ಇದ್ದಾರೆ ಹೋಗು ಅಂತ ನಿಮ್ಮ ಹತ್ರಾನೇ ಕಳಿಸಿದೀನಿ, ಇನ್ನು ಹತ್ತು ನಿಮಿಷದಲ್ಲಿ ಅಲ್ಲಿರ್ತಾನೆ. ಆಯ್ತು ಮೇಷ್ಟ್ರೇ, ಅಂದಳು. ಐವತ್ತೆರಡು ವರ್ಷ ವಯಸ್ಸು, ಶಾಲೆಯಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುವವಳು, ತಪ್ಪಿದ ಕಡೆ ತಪ್ಪಿದೆ ಅನ್ನಬೇಕು ಪುಟ್ಟಾ, ಮುಚ್ಚಿಟ್ಟರೆ ಅದೇ ಅಭ್ಯಾಸ ಆಗುತ್ತೆ, ಎಂದು ದಿನಕ್ಕೆ ಹತ್ತು ಸಲ ಹೇಳುವವಳು, ಆಯ್ತು ಮೇಷ್ಟ್ರೇ. ಒಂದು ಸಲ ಗಂಡನಿಗೆ ಹೇಳಲು ನೋಡಿದ್ದಳು, ತನ್ನದು ಅನ್ನದೆ, ಗೆಳತಿಯೊಬ್ಬಳದು ಅಂತ, ಅವರು ಪೇಪರಿನಿಂದ ಮುಖ ತೆಗೆಯದೆ, ಅಷ್ಟು ವರ್ಷದ ಮೇಲೆ ಯಾರಿಗೆ ನೆನಪಿರುತ್ತೆ ಬಿಡೇ ಅಂದರು, ಅವಳ ಹೆಬ್ಬೆರಳಿಗೆ ನೆನಪಿದೆ, ಅಂದಿನಿಂದ ಇಂದಿನವರೆಗೆ ಯಾವ ಹಾಡು ಶುರುಮಾಡುವ ಮೊದಲೂ ಅದು ತಾನಾಗಿ ಹೋಗಿ ದೀಪದ ಜಾಗವನ್ನು ಮುಟ್ಟಿ ಬರುತ್ತದೆ, ಆರಿದೆಯೇ, ಆರಿದೆ, ತಂಡದವರು ಅದನ್ನು ಭಕ್ತಿ ಅಂದುಕೊಂಡಿದ್ದಾರೆ, ಅಕ್ಕ ವಾದ್ಯಕ್ಕೆ ನಮಸ್ಕಾರ ಮಾಡದೆ ಒಂದು ಸ್ವರ ನುಡಿಸಲ್ಲ ನೋಡಿ, ಕಲಿತ್ಕೊಳ್ಳಿ ಎಂದು ಮೇಷ್ಟ್ರು ಹೊಸಬರಿಗೆ ತೋರಿಸುತ್ತಾರೆ. ಏನು ಕೊಡಲಿ. ಬಿಲ್ಲೆ, ತಂತಿ, ಪಟ್ಟಿ, ಮಣೆ. ಕೊಡುವುದು ಒಂದೇ ಇದೆ, ಅದನ್ನು ಇಷ್ಟು ವರ್ಷ ಚೀಲದಿಂದ ಬೀರುವಿಗೆ, ಬೀರುವಿನಿಂದ ಚೀಲಕ್ಕೆ, ನೀಲಿ ಪಟ್ಟಿ ಅಂಟು ಬಿಟ್ಟು ಸುರುಳಿಯಾಗಿದೆ. ಹೇಗೆ ಕೊಡುವುದು. ಹೇಳುವ ಮಾತನ್ನು ಬಸ್ಸಿನಲ್ಲಿ ಜೋಡಿಸಿಕೊಂಡೇ ಬಂದಿದ್ದಳು, ನೋಡಪ್ಪ, ಒಂದು ವಿಷಯ, ನೀನು ಬೇಜಾರು ಮಾಡ್ಕೋಬಾರ್ದು — ಬೇಜಾರು ಮಾಡಿಕೊಳ್ಳಬಾರದಂತೆ, ಆ ಷರತ್ತು ಬೇರೆ ಅವಳದು. ಪ್ಯಾಕ್ ಮಾಡ್ಲಾ ಮೇಡಂ ಟ್ಯೂನರು, ಅಂಗಡಿಯವನು ಕೇಳುತ್ತಿದ್ದಾನೆ, ಕಂದು ಗಿಟಾರಿನ ತಲೆಯ ಮೇಲೆ ಯಂತ್ರ ಇನ್ನೂ ಕೂತೇ ಇದೆ. ಸ್ವಲ್ಪ ತಡೀರಿ. ತಡೆಯಲು ಹತ್ತು ನಿಮಿಷವೂ ಉಳಿದಿರಲಿಲ್ಲ.

ಅಕ್ಕಾ. ಬಾಗಿಲ ಬೆಳಕಿನಲ್ಲಿ ಅವನು, ಮೊದಲಿಗಿಂತ ದಪ್ಪ, ಕಿವಿಯ ಹತ್ತಿರ ನರೆ, ಕನ್ನಡಕ, ಎರಡು ಕೈಯ ಉಗುರೂ ಬುಡಕ್ಕೆ ಕತ್ತರಿಸಿದ್ದು, ಅವಳು ಮೊದಲು ನೋಡಿದ್ದು ಅದನ್ನೇ, ಎರಡೂ ಕೂಲಿ ಕೈ. ಹೆಗಲ ಮೇಲೆ ಗಿಟಾರಿನ ಚೀಲ, ಜಿಪ್ಪಿಗೆ ತುಕ್ಕು. ಹೇಗಿದೀರ ಅಕ್ಕ, ಸಣ್ಣ ಆಗಿಬಿಟ್ಟಿದೀರ, ನನಗೋಸ್ಕರ ಏನೋ ತಗೋತಿದೀರಂತೆ, ಮೇಷ್ಟ್ರು ಗುಟ್ಟು ಅಂತಾನೇ ಹೇಳಿಬಿಟ್ರು. ಅಮ್ಮ ಹೇಗಿದ್ದಾರಪ್ಪ. ಇದಾರೆ, ಕಿವಿ ಮಂದ, ಈಗ ನಾನು ನುಡಿಸಿದ್ರೂ ತೊಂದ್ರೆ ಇಲ್ಲ ಅವರಿಗೆ — ನಕ್ಕ, ಅದೇ ನಗು, ಆದರೆ ನಕ್ಕು ಮುಗಿದ ಮೇಲೆ ಅವಳ ಮುಖ ನೋಡಿದ, ನಕ್ಕದ್ದು ಸರಿಯೇ ಅನ್ನುವ ಹಾಗೆ. ಅಕ್ಕ ನಿಜ ಹೇಳ್ತೀನಿ, ಬಸ್ಸಲ್ಲಿ ಅರ್ಧ ದಾರೀಲಿ ಇಳಿದು ವಾಪಸ್ ಹೋಗಿಬಿಡೋಣ ಅನ್ಸಿತ್ತು, ನನಗೇ ಗೊತ್ತಾಗದ ಹಾಗೆ ಶ್ರುತಿ ಇಳಿದುಬಿಟ್ರೆ ಮತ್ತೆ, ಆಮೇಲೆ ಅಂದ್ಕೊಂಡೆ, ಅಕ್ಕ ಇದ್ದಾರಲ್ಲ, ತಪ್ಪಿದ್ರೆ ಹೇಳ್ತಾರೆ. ತಪ್ಪಿದ್ರೆ ಹೇಳ್ತಾರೆ. ಅವನು ಆಗಲೇ ಕಂದು ಗಿಟಾರನ್ನು ಎತ್ತಿಕೊಂಡು ಒಂದು ಸ್ಟೂಲಿನ ಮೇಲೆ ಕೂತಿದ್ದ, ಹೊಸ ತಂತಿ ಹಾಕೋವರೆಗೆ ಇದರಲ್ಲಿ ಕೈ ನೋಡ್ಕೋತೀನಿ, ಈಗ ತಾನೇ ಶ್ರುತಿ ಮಾಡಿದ್ದೀನಿ ಸಾರ್, ಆರೂ ಹಸಿರು, ಅಂದ ಅಂಗಡಿಯವನು ಹೆಮ್ಮೆಯಿಂದ, ಇರ್ಲಿ ಇರ್ಲಿ, ಮಷೀನು ಏನು ಹೇಳುತ್ತೆ, ಅಕ್ಕಾ ಅಲ್ಲೊಂದು ಕೀಬೋರ್ಡು ಇದೆ ನೋಡಿ, ಒಂದು ಸ್ವರ ಕೊಡಿ. ಕಿಟಕಿಯ ಪಕ್ಕ, ಮಾರಾಟಕ್ಕೆ ಇಟ್ಟದ್ದು, ಅವಳದೇ ಕಂಪನಿಯ ಹೊಸ ಮಾದರಿ, ಸ್ವಿಚ್ಚು ಹಾಕಿದಳು, ಹೆಬ್ಬೆರಳು ತಾನಾಗಿ ಹೋಯಿತು, ಗುಂಡಿ ಅದೇ ಜಾಗದಲ್ಲಿದೆ, ದೀಪ ಆರಿದೆಯೇ, ಆರಿದೆ. ಪ್ರತಿ ಸಲ ಅಲ್ಲಿಂದ ಹಿಂದಕ್ಕೆ ಬರುವ ಹೆಬ್ಬೆರಳು ಈ ಸಲ ಬರಲಿಲ್ಲ. ಒತ್ತಿತು. ಕೆಂಪು. ಅವಳು ಸ್ವರ ಕೊಟ್ಟಳು, ಅವನು ತಂತಿ ಮೀಟಿದ, ತಟ್ಟೆ ಗೀರಿದ ಸದ್ದು, ಅಂಗಡಿಯವನ ಮುಖ ಹಿಂಡಿತು, ಗಿಟಾರು ಹಿಡಿದವನ ಕಣ್ಣೆದುರಿಗೇ, ಒಂದು ಗೇಣು ದೂರದಲ್ಲಿ, ಯಂತ್ರದ ಮೇಲೆ ಹಸಿರು ಉರಿಯುತ್ತಿತ್ತು, ಸರಿ ಇದೆ ಸರಿ ಇದೆ ಎಂದು ಉರಿಯುತ್ತಿತ್ತು, ಅವನು ಅದನ್ನು ನೋಡಲೇ ಇಲ್ಲ, ತಲೆ ತಗ್ಗಿಸಿದ, ಕತ್ತಿನವರೆಗೆ ಕೆಂಪಾದ, ಕೈ ಆಗಲೇ ಬಿರಡೆಗೆ ಹೋಗಿತ್ತು, ಕ್ಷಮಿಸಿ ಅಕ್ಕ, ನಂದೇ ಇಳಿದಿದೆ. ಯಾರೂ ಏನೂ ಅನ್ನುವ ಮೊದಲೇ, ನಂದೇ. ಬಿಡು, ಅಂದಳು, ಬಿಡು ಆ ಕೈ, ತಿರುಗಿಸಬೇಡ. ಅವನು ತಲೆಯೆತ್ತಿದ. ಬಸ್ಸಿನಲ್ಲಿ ಜೋಡಿಸಿದ್ದ ಮಾತುಗಳು ಒಂದೂ ಇಲ್ಲ, ನೋಡಪ್ಪ ಇಲ್ಲ, ಬೇಜಾರು ಇಲ್ಲ, ಚೀಲದ ಬಾಯಿ ತೆರೆಯುವ ಸದ್ದು, ಕರವಸ್ತ್ರದ ಗಂಟು ಬಿಚ್ಚಿ, ಕ್ಯಾಪೊವನ್ನು ಕೀಬೋರ್ಡಿನ ಮೇಲಿಟ್ಟಳು, ಎಲ್ಲಿಡಬೇಕೆಂದು ಅವಳಿಗೆ ಅಂಗುಲದ ಲೆಕ್ಕದಲ್ಲಿ ಗೊತ್ತು, ದೀಪದಿಂದ ಎರಡು ಅಂಗುಲ ಬಲಕ್ಕೆ. ಇಲ್ಲಿರ್ಲಿ ಅಕ್ಕ, ಅಂದಿದ್ದ. ಇಲ್ಲೇ ಇತ್ತು. ಅವನು ಎದ್ದು ಬಂದ, ನೀಲಿ ಪಟ್ಟಿಯನ್ನು ನೋಡಿದ, ಗುರುತು ಹಿಡಿದ, ಕೈ ಚಾಚಿ ಮುಟ್ಟಲು ಹೋಗಿ ಮುಟ್ಟಲಿಲ್ಲ, ಕಣ್ಣು ನಿಧಾನವಾಗಿ ಎಡಕ್ಕೆ ಸರಿಯಿತು, ಒಂದು ಅಂಗುಲ, ಇನ್ನೊಂದು, ಸಣ್ಣ ಅಕ್ಷರ ಓದುವವನ ಹಾಗೆ ಅವನು ಬಾಗಿದ, ಅವಳೂ ಬಾಗಿದ್ದಳು, ಅವನ ಮುಖದಲ್ಲಿ ಏನಿದೆ ಎಂದು ಹುಡುಕಿದಳು, ಕಣ್ಣು ಕಾಣಲಿಲ್ಲ, ಕನ್ನಡಕದ ಗಾಜು ಮಾತ್ರ, ಎರಡು ಗಾಜಿನಲ್ಲೂ ಒಂದೊಂದು, ಗುಂಡುಸೂಜಿಯ ತಲೆಯಷ್ಟು, ಕೆಂಪು